ದನಗಳ ಕಾಲುಬಾಯಿ ಜ್ವರವೂ ಮಂದೆಯ ಸಂರಕ್ಷಣೆಯೂ

ದನಕರುಗಳಿಗೆ ಬರುವ ಅಂಟುಜಾಡ್ಯಗಳಲ್ಲಿ ಕಾಲುಬಾಯಿ ಜ್ವರವು ಬಹು ಶೀಘ್ರವಾಗಿ ಹರಡತಕ್ಕದ್ದು. ಬೆಳೆದ ರಾಸುಗಳು ಸಾಮಾನ್ಯವಾಗಿ ಇದರಿಂದ ಚೇತರಿಸಿಕೊಳ್ಳುವುದರಿಂದ ಅನೇಕ ರೈತರು ಇದನ್ನು ಅಲ್ಪವೆಂದೆಣಿಸುವುದುಂಟು. ಆದರೆ ಎಳಗರುಗಳ ಹೃದಯಕ್ಕೆ ಈ ವಿಷವು ತಗುಲಿದರೆ ಅವು ಬಾಯಿಹುಣ್ಣು ಕಾಣುವ ಮೊದಲೇ ಹಠಾತ್ತಾಗಿ ಸಾಯುವುವು. ಬದುಕಿದ ಹಸುವು ಹಾಲಿನಲ್ಲಿ ಇಳಿಯುವುದು. ಎತ್ತು ಉಳುಮೆಯ ಕಾಲದಲ್ಲಿಯೇ ಕುಂಟುವುದು. ಕೆಲವು ರಾಸುಗಳು ಗುಣವಾದ ಮೇಲೂ ಬಿಸಿಲಿನಲ್ಲಿ ಏದುಸಿರು ಬಿಡುತ್ತ ಕೆಲಸಕ್ಕೆ ಬಾರದಂತಾಗುವುವು. 2013ರಲ್ಲಿ ಕೋಲಾರ, ರಾಮನಗರ ಮೊದಲಾದ ಜಿಲ್ಲೆಗಳಲ್ಲಿ ಜಾಡ್ಯವು ಉಲ್ಬಣಿಸಿ ಸಾವಿರಾರು ದನಗಳು ಸತ್ತುವು.

ಲಕ್ಷಣಗಳು.— ಈ ರೋಗಕ್ಕೆ ಕಾರಣವು ವೈರಸ್ ಎಂಬ ಅತಿ ಸೂಕ್ಷ್ಮವಾದ ಜಾಡ್ಯಾಣು. ಅದು ದೇಹವನ್ನು ಸೇರಿದ 2ರಿಂದ 14 ದಿವಸಗಳೊಳಗೆ ಜ್ವರವು ಬಂದು, ರಾಸು ಮೇವು ಬಿಡುವುದು. ನಾಲಗೆ, ವಸಡು, ಗೊರಸಿನ ಸಂದು, ಕೆಚ್ಚಲುಗಳಲ್ಲಿ ಬೊಕ್ಕೆಗಳೆದ್ದು ಒಡೆದು ಹುಣ್ಣಾಗುವುವು. ಬಾಯಿಂದ ನೂಲಿನಂತೆ ಜೊಲ್ಲು ಸುರಿಯುವುದು.

ಹರಡುವ ಬಗೆ.— ಜೊಲ್ಲು, ಹಾಲು, ಸಗಣಿ, ಗಂಜಲ, ಉಸಿರು ಇವೆಲ್ಲದರಲ್ಲಿಯೂ ವಿಷವಿರುವುದು. ಲಕ್ಷಣಗಳು ತೋರುವುದಕ್ಕೆ ಮುಂಚೆಯೇ ಹಾಲಿನಲ್ಲಿ ಅದು ಇಳಿಯುವುದುಂಟು. ಹಾಲು ಕರೆಯುವವರ ಕೈ, ಕಾಲಿನ ಮೆಟ್ಟು, ಬಕೀಟು, ಹಗ್ಗ, ಉಳಿದ ಮೇವು ಇವು ಅದನ್ನು ಮತ್ತೊಂದು ಕೊಟ್ಟಿಗೆಗೆ ಒಯ್ಯುವುವು. ಆದ್ದರಿಂದ ಔಷಧಕ್ಕಿಂತ ಮೊದಲು ಕೆಲಸದ ಕ್ರಮವನ್ನು ತಿದ್ದಿಕೊಳ್ಳತಕ್ಕದ್ದು.

ಮಂದೆಯ ವ್ಯವಸ್ಥೆ.—

1. ಒಂದು ರಾಸು ಜೊಲ್ಲು ಸುರಿಸಿ ಕುಂಟಿದೊಡನೆಯೇ ಅದನ್ನು ಬೇರೆ ಕಟ್ಟಿ, ಗ್ರಾಮ ಪಂಚಾಯತಿಗೂ ಪಶುವೈದ್ಯರಿಗೂ ತಿಳಿಸಬೇಕು. ಜಾನುವಾರುಗಳ ಅಂಟುರೋಗಗಳನ್ನು ಕುರಿತ 2009ರ ಕೇಂದ್ರ ಕಾನೂನಿನ ಪ್ರಕಾರ ಇದು ಯಜಮಾನನ ಕರ್ತವ್ಯ.

2. ಆರೋಗ್ಯವಾದ ರಾಸುಗಳ ಮೇವು, ನೀರು, ಕರೆಯುವಿಕೆಗಳು ಮೊದಲು. ರೋಗದವುಗಳ ಕೆಲಸ ಕಡೆಗೆ. ಸಾಧ್ಯವಿದ್ದರೆ ಇವಕ್ಕೆ ಬೇರೆ ಆಳನ್ನೇ ನೇಮಿಸುವುದು ಉತ್ತಮ.

3. ರೋಗದ ರಾಸನ್ನು ಊರ ಕೆರೆ, ಗೋಮಾಳಗಳಿಗೆ ಬಿಡಕೂಡದು. ಸಂತೆ ಜಾತ್ರೆಗಳಲ್ಲಿ ಮಾರಕೂಡದು. ಒಬ್ಬನು ನಷ್ಟಕ್ಕೆ ಹೆದರಿ ಮಾರಿದ ಹಸುವಿನಿಂದ ಹತ್ತು ಊರುಗಳ ಕೊಟ್ಟಿಗೆಗಳಿಗೆ ಜಾಡ್ಯವು ಹೋಗುವುದು.

4. ಕರುಗಳನ್ನು ರೋಗದ ತಾಯಿಯ ಮೊಲೆಗೆ ಬಿಡದೆ, ಕಾಯಿಸಿ ಆರಿಸಿದ ಹಾಲನ್ನು ಕುಡಿಸಬೇಕು.

5. 10 ಲೀಟರು ನೀರಿಗೆ 400 ಗ್ರಾಂ ಸೋಡಿಯಂ ಕಾರ್ಬೊನೇಟ್ ಪುಡಿಯನ್ನು ಕರಗಿಸಿ, ಮೊದಲು ಗುಡಿಸಿ ತೊಳೆದ ನೆಲ, ಗೋದಲಿ, ಪಾತ್ರೆಗಳಿಗೆ ಉಪಯೋಗಿಸತಕ್ಕದ್ದು. ಇದನ್ನು ಹುಣ್ಣುಗಳಿಗೆ ಹಾಕಕೂಡದು.

6. ಹೊಸದಾಗಿ ಕೊಂಡ ರಾಸನ್ನು ಮೂರು ವಾರ ಪ್ರತ್ಯೇಕವಾಗಿಟ್ಟು ನೋಡಬೇಕು.

ಉಪಚಾರ.— ಜಾಡ್ಯಾಣುವನ್ನೇ ಕೊಲ್ಲುವ ಔಷಧವು ಬಳಕೆಯಲ್ಲಿಲ್ಲ. ಒಂದು ಲೀಟರು ನೀರಿಗೆ 10 ಗ್ರಾಂ ಪಟಿಕ ಬೆರೆಸಿ ಬಾಯಿಯನ್ನು ತೊಳೆದು, ರಾಗಿ ಅಂಬಲಿ, ಮೆತ್ತನೆಯ ಹಸಿಹುಲ್ಲು ಕೊಡಬೇಕು. ಗೊರಸುಗಳನ್ನು ಶುದ್ಧಮಾಡಿ, ಹುಳು ಬೀಳದಂತೆ ಬೇವಿನೆಣ್ಣೆ ಸವರಿ, ಒಣನೆಲದಲ್ಲಿ ಕಟ್ಟತಕ್ಕದ್ದು. ಹುಣ್ಣು ಕೀತರೆ ಪಶುವೈದ್ಯರು ಹೇಳಿದಂತೆ ನಡೆಯಬೇಕು.

ರೋಗದ ಜೊಲ್ಲನ್ನು ಆರೋಗ್ಯವಾದ ರಾಸುಗಳ ಬಾಯಿಗೆ ಸವರಿ ಎಲ್ಲವಕ್ಕೂ ಒಮ್ಮೆಗೇ ಜಾಡ್ಯ ತರಿಸಿ ಮುಗಿಸುವ ಹಳೆಯ ಪದ್ಧತಿಯು ಅಪಾಯಕರವಾದುದು. ಈ ಜಾಡ್ಯಾಣುವಿನಲ್ಲಿ ಏಳು ಬಗೆಗಳಿದ್ದು, ಒಂದು ಬಗೆಯಿಂದ ಗುಣವಾದ ರಾಸಿಗೆ ಮತ್ತೊಂದು ಬಗೆಯು ತಗುಲಬಹುದು.

ಲಸಿಕೆ.— ನಿಜವಾದ ರಕ್ಷಣೆಯು ಲಸಿಕೆಯೇ. ಓ, ಎ, ಏಷಿಯಾ-1 ಎಂಬ ಮೂರು ಬಗೆಗಳ ವಿರುದ್ಧ ಇದನ್ನು ನಮ್ಮ ದೇಶದಲ್ಲಿ ಕೊಡಲಾಗುತ್ತದೆ. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಸಲ, ಒಂದು ತಿಂಗಳ ತರುವಾಯ ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ರೈತರ ಮನೆಬಾಗಿಲಿನಲ್ಲಿಯೇ ಇದನ್ನು ಹಾಕುವ ಏರ್ಪಾಡುಂಟು. ಲಸಿಕೆಯಿಂದ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು. ಅದಕ್ಕೆ ಹೆದರಿ ಹಸುವನ್ನು ಬಚ್ಚಿಡಬಾರದು. ಊರಿನ ರಾಸುಗಳೆಲ್ಲಕ್ಕೂ ಒಂದೇ ಕಾಲದಲ್ಲಿ ಹಾಕಿಸಿ, ತಾರೀಖನ್ನು ಬರೆದಿಟ್ಟುಕೊಳ್ಳತಕ್ಕದ್ದು.