ಒಲೆ ಉರಿಯುತ್ತಿರುವ ಮನೆ ಮಾರುವಾಗ

ವಿಜಯನಗರದಲ್ಲಿ ಅಪ್ಪ ಕಟ್ಟಿಸಿದ್ದ 30×40ರ ಮನೆ. ಕೆಳಗೊಂದು ಸಂಸಾರ, ಮೇಲೆರಡು. ಮಾರಿ ಮುಗಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ನನ್ನ ದಡ್ಡತನಕ್ಕೆ ತೆತ್ತದ್ದು.

1. ಮೊದಲು ಬಾಡಿಗೆಯವರಿಗೆ ಹೇಳಿ, ಆಮೇಲೆ ಬ್ರೋಕರಿಗೆ. ನಾನು ಉಲ್ಟಾ ಮಾಡಿದೆ. ಒಂದು ಭಾನುವಾರ ಬ್ರೋಕರು ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಕೆಳಗಿನ ಮನೆಯ ಬೆಲ್ ಒತ್ತಿದ್ದಾನೆ. ಹನ್ನೊಂದು ವರ್ಷದಿಂದ ಅಲ್ಲಿದ್ದ ಆಕೆ ಚಪಾತಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದರಂತೆ. ಮನೆ ಮಾರಾಟಕ್ಕಿದೆ ಎಂದು ಅವರಿಗೆ ಗೊತ್ತಾದದ್ದೇ ಆಗ. ಸಂಜೆ ಫೋನ್ ಬಂತು: "ಯಾಕೆ ಸಾರ್, ನಮಗೊಂದು ಮಾತು ಹೇಳಬಾರದಿತ್ತಾ?"

ಮುಂದಿನ ವಾರ ಬಂದವರಿಗೆ ಅವರು ಕಾಫಿ ಕೊಟ್ಟು ಮರ್ಯಾದೆಯಿಂದಲೇ ಮನೆ ತೋರಿಸಿದರು. ಬಚ್ಚಲಿನ ಪಕ್ಕದ ಗೋಡೆ ಬಂದಾಗ ಮಾತ್ರ, "ಇಲ್ಲಿ ಸ್ವಲ್ಪ ಮುಟ್ಟಿ ನೋಡಿ" ಅಂದರು. ಗೋಡೆ ಒದ್ದೆಯಾಗಿತ್ತು. ಸುಳ್ಳೇನೂ ಹೇಳಲಿಲ್ಲವಲ್ಲ! ಮೂರು ಮಳೆಗಾಲದಿಂದ ನನಗೂ ಅದನ್ನೇ ಹೇಳುತ್ತಿದ್ದರು.

2. ಹಾಗಾಗಿ, ಆ ಗೋಡೆ ರಿಪೇರಿ ಮಾಡಿಸಿ. ಪ್ಲಂಬರು, ಗಾರೆಯವನು, ಎರಡು ದಿನದ ಕೆಲಸ.

3. ಮನೆ ತೋರಿಸಲು ಶನಿವಾರ ನಾಲ್ಕರಿಂದ ಆರು ಎಂದು ಗೊತ್ತುಮಾಡಿದೆ. ಮಕ್ಕಳ ಪರೀಕ್ಷೆಯ ವಾರ ಯಾರೂ ಬರಕೂಡದು. ಅಷ್ಟು ತಿಂಗಳೂ ಬಾಡಿಗೆಯಲ್ಲಿ ಎರಡು ಸಾವಿರ ಬಿಟ್ಟೆ. ಆಮೇಲೆ ಬಾಗಿಲಲ್ಲಿ ರಂಗೋಲಿಯೂ ಇತ್ತು, ಹಾಲ್ ಕೂಡ ಗುಡಿಸಿರುತ್ತಿತ್ತು.

4. "ರಿಜಿಸ್ಟ್ರೇಷನ್ ಆದ್ಮೇಲೆ ಅದು ಬಾಡಿಗೆಯವರ ತಲೆನೋವು ಬಿಡಿ" ಅನ್ನುವ ಬ್ರೋಕರನ್ನು ನಂಬಬೇಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಮುರಿಯುವುದಿಲ್ಲ. ನಮ್ಮ ಕರಾರುಗಳಂತೂ ಎಲ್ಲರ ಹಾಗೆ ಹನ್ನೊಂದು ತಿಂಗಳವು (ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ), ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಹೀಗೆ ತಿಂಗಳ ಬಾಡಿಗೆಯವರಾಗಿ ಉಳಿದವರಿಗೆ ಹದಿನೈದು ದಿನದ ನೋಟಿಸು ಸಾಕು ಎನ್ನುತ್ತದೆ 106ನೇ ಕಲಂ. ಸ್ಕೂಲು ನಡೆಯುವಾಗ ಹದಿನೈದು ದಿನದಲ್ಲಿ ಮನೆ ಹುಡುಕಿ ನೋಡಿ, ಗೊತ್ತಾಗುತ್ತದೆ.

5. ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಎಂಬುದನ್ನು ಬಾಯಿಮಾತಿಗೆ ಬಿಡಬೇಡಿ. ಕೆಳಗಿನವರದು ಒಂದೂವರೆ ಲಕ್ಷ, ಮೇಲಿನ ಬಾಡಿಗೆಯವರದು 1,20,000. ಇಬ್ಬರನ್ನೂ ಉಳಿಸಿಕೊಳ್ಳಲು ಕೊಳ್ಳುವವರು ಒಪ್ಪಿದ್ದರಿಂದ 2,70,000 ರೂಪಾಯಿಯನ್ನು ನನಗೆ ಬರಬೇಕಾದ ಹಣದಲ್ಲಿ ಹಿಡಿದುಕೊಂಡರು, ಕ್ರಯಪತ್ರದಲ್ಲೂ ಬರೆಸಿದೆವು. ಯಾವ ತಿಂಗಳಿಂದ ಬಾಡಿಗೆ ಯಾರಿಗೆ ಎಂದು ಇಬ್ಬರಿಗೂ ಸಹಿ ಹಾಕಿದ ಪತ್ರ ಕೊಟ್ಟೆ.

6. ಕ್ರಯ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೂ ಇಲ್ಲ. ನಮ್ಮ ಖಾತೆ ಇನ್ನೂ ಅಪ್ಪನ ಹೆಸರಲ್ಲಿತ್ತು. ಆ ಕಥೆ ಬೇಡ.

7. ಎಲ್ಲಕ್ಕಿಂತ ಕಷ್ಟ ಲೀಸಿನವರದು. ಮೇಲಿನ ಇನ್ನೊಂದು ಭಾಗ ಎಂಟು ಲಕ್ಷಕ್ಕೆ ಭೋಗ್ಯಕ್ಕಿತ್ತು, ಮೂರು ವರ್ಷಕ್ಕೆ. ಬಾಡಿಗೆ ಇಲ್ಲ, ಖಾಲಿ ಮಾಡುವ ದಿನ ಇಡೀ ಗಂಟು ವಾಪಸ್. ಆ ಗಂಟನ್ನು ನಾನು ಮಗಳ ಮದುವೆಗೆ ಖರ್ಚು ಮಾಡಿದ್ದೆ. ದುಡ್ಡು ಕೈಗೆ ಬರದೆ ಅವರು ಹೋಗುವುದಿಲ್ಲ, ಮನೆ ಖಾಲಿಯಾಗದೆ ಕೊಳ್ಳುವವರು ದುಡ್ಡು ಕೊಡುವುದಿಲ್ಲ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ವಕೀಲರು ದಾರಿ ತೋರಿಸಿದರು: ಕ್ರಯದಲ್ಲಿ ಎಂಟು ಲಕ್ಷಕ್ಕೆ ಬೇರೆ ಡಿಡಿ, ನೇರ ಲೀಸಿನವರ ಹೆಸರಿಗೆ. ಹಿಂದಿನ ದಿನವೇ ಅವರು ಸಾಮಾನು ಸಾಗಿಸಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಆತ ಡಿಡಿಯ ಅಕ್ಷರ ಅಕ್ಷರ ಓದಿ, ಮಡಚಿ ಜೇಬಿಗಿಟ್ಟು, ಕೀಗೊಂಚಲನ್ನು ಹೊಸ ಮಾಲೀಕರ ಕೈಗೆ ಹಾಕಿದ.

"ಸಂಪಿನ ಬೀಗದ ಕೀ ಮಾತ್ರ ಕೆಳಗಿನ ಮನೆ ಆಂಟಿ ಹತ್ರ ಇದೆ ಸಾರ್."

"ಸಂಪು ಎಲ್ಲಿದೆ?" ಅಂದರು ಹೊಸ ಮಾಲೀಕರು, ನನ್ನ ಕಡೆ ತಿರುಗಿ.