ಎಂಟನೇ ತಿಂಗಳ ಸೊಂಟನೋವಿಗೆ ಬಣ್ಣದ ಪಟ್ಟಿ

ಪುಟ್ಟಿ, ಬೆನ್ನಿಗೆ ನೀಲಿ ಪಟ್ಟಿ ಅಂಟಿಸಿಕೊಂಡ ಬಸುರಿಯ ವಿಡಿಯೊ ಕಳಿಸಿ, "ಚಿಕ್ಕಮ್ಮ, ನಾನೂ ಹಾಕಿಸಿಕೊಳ್ಳಲಾ?" ಅಂತ ಕೇಳಿದ್ದೀಯ. ಡಾಕ್ಟರನ್ನು ಒಂದು ಮಾತು ಕೇಳಿ ಧಾರಾಳವಾಗಿ ಹಾಕಿಸಿಕೋ. ಫಿಸಿಯೋಥೆರಪಿ ಕೆಲಸದಲ್ಲೇ ತಲೆ ನರೆತವಳು ನಾನು. ತಿಂಗಳು ತುಂಬುತ್ತಿದ್ದ ಎಷ್ಟೋ ಹೆಣ್ಣುಮಕ್ಕಳ ಸೊಂಟಕ್ಕೆ ಅದನ್ನು ಅಂಟಿಸಿದ್ದೇನೆ. ಆದರೆ ಅದರಿಂದ ಎಷ್ಟು ಉಪಯೋಗ, ಎಲ್ಲಿ ಅದನ್ನು ನಂಬಿ ಕೂರಬಾರದು ಅನ್ನೋದು ನಿನಗೆ ಗೊತ್ತಿರಬೇಕು. ನಿಮ್ಮಮ್ಮ "ಬಸುರಿಗೆ ಇದೆಲ್ಲ ಇದ್ದದ್ದೇ" ಅಂತಾಳೆ. ಇದ್ದದ್ದು ನಿಜ, ಬಸುರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಈ ನೋವು ಬರುತ್ತೆ. ಹಾಗಂತ ಹಲ್ಲು ಕಚ್ಚಿಕೊಂಡು ಸಹಿಸಬೇಕಾಗಿಲ್ಲ.

ಹೊಟ್ಟೆ ಮುಂದೆ ಬಂದಷ್ಟೂ ಮೈಭಾರ ಮುಂದಕ್ಕೆ ವಾಲುತ್ತೆ. ಅದನ್ನು ಸರಿದೂಗಿಸೋಕೆ ನಿನಗೇ ಗೊತ್ತಿಲ್ಲದೆ ಭುಜ ಹಿಂದಕ್ಕೆ ಹಾಕಿ ನಿಲ್ಲುತ್ತೀಯ, ಸೊಂಟದ ಬಾಗು ಜಾಸ್ತಿಯಾಗುತ್ತೆ. ಹೊಟ್ಟೆಯ ಸ್ನಾಯುಗಳು ಹಿಗ್ಗಿ ಬಿಗಿ ಕಳೆದುಕೊಂಡಿರೋದರಿಂದ ಅವುಗಳ ಪಾಲಿನ ಕೆಲಸವೂ ಬೆನ್ನಿನ ಮೇಲೇ ಬೀಳುತ್ತೆ. ಸಾಲದ್ದಕ್ಕೆ ರಿಲ್ಯಾಕ್ಸಿನ್‌ನಂಥ ಹಾರ್ಮೋನುಗಳು ಹೆರಿಗೆಗೆ ಅನುವಾಗಲಿ ಅಂತ ಕೀಲುಗಳ ಕಟ್ಟನ್ನು ಸಡಿಲ ಮಾಡಿರುತ್ತವೆ. ನಿನ್ನ ನೋವು ಸೊಂಟದ ನಡುವೆಯೋ, ಇಲ್ಲ ಅದಕ್ಕಿಂತ ಕೆಳಗೆ, ಎರಡು ಗುಳಿ ಬೀಳುವ ಜಾಗದಲ್ಲೋ ಅಂತ ಗಮನಿಸು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಚೂಡಿದಾರದ ಪ್ಯಾಂಟು ಏರಿಸುವಾಗ ಚಳಕ್ ಅಂದರೆ ಅದು ಬಹುಪಾಲು ಕೆಳಗಿನ ಕೀಲಿನ ನೋವು. ಎರಡಕ್ಕೂ ಪಟ್ಟಿ ಹಾಕುವ ರೀತಿ ಬೇರೆ, ಮಾಡಬೇಕಾದ ವ್ಯಾಯಾಮವೂ ಬೇರೆ. ಅದಕ್ಕೇ ಹೇಳೋದು, ವಿಡಿಯೊ ನೋಡಿಕೊಂಡು ಗಂಡನ ಕೈಲಿ ಅಂಟಿಸಿಕೊಳ್ಳಬೇಡ. ಬಸುರಿಯರನ್ನು ನೋಡಿ ರೂಢಿಯಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು. ಅವರು ಮೊದಲು ನಿನ್ನನ್ನು ನಿಲ್ಲಿಸಿ, ನಡೆಸಿ, ಬಗ್ಗಿಸಿ ನೋಡಬೇಕು. ನೋಡದೆಯೇ ಪಟ್ಟಿಗೆ ಕೈ ಹಾಕಿದರೆ ಎದ್ದು ಬಾ.

ಆ ಪಟ್ಟಿಯಲ್ಲಿ ಔಷಧ ಅಂತ ಏನೂ ಇಲ್ಲ. ಹಿಗ್ಗುವ ಎಳೆ ಸೇರಿಸಿ ನೇಯ್ದ ಹತ್ತಿ ಬಟ್ಟೆ, ಹಿಂಬದಿಗೆ ಅಲೆಅಲೆಯಾಗಿ ಹಚ್ಚಿದ ಅಕ್ರಿಲಿಕ್ ಅಂಟು, ಅಷ್ಟೇ. ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ಇದನ್ನು ರೂಪಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಕಂಡಮೇಲೆ ಲೋಕಕ್ಕೆಲ್ಲ ಪರಿಚಯವಾಯಿತು. ನೀಲಿ, ಗುಲಾಬಿ, ಕಪ್ಪು ಯಾವುದಾದರೂ ಗುಣ ಒಂದೇ. ಚರ್ಮ ಎತ್ತಿಹಿಡಿದು ರಕ್ತದ ಓಡಾಟ ಹೆಚ್ಚಿಸುತ್ತೆ ಅಂತ ಮಾರುವವರು ಹೇಳುತ್ತಾರೆ, ಅದು ಗಟ್ಟಿಯಾಗಿ ಸಾಬೀತಾಗಿಲ್ಲ. ಚರ್ಮದ ಮೇಲಿನ ಆ ಹಗುರ ಎಳೆತ ಮಿದುಳಿಗೆ ಹೋಗುವ ನೋವಿನ ಸುದ್ದಿಯನ್ನು ತುಸು ಮಂಕು ಮಾಡುತ್ತೆ, ಗೂನಾದಾಗ ನೆಟ್ಟಗಾಗು ಅಂತ ನೆನಪಿಸುತ್ತೆ ಅನ್ನೋದು ನನಗೆ ಒಪ್ಪಿತವಾಗುವ ವಿವರಣೆ. ಬಸುರಿಯರ ಮೇಲೆ ನಡೆದ ಅಧ್ಯಯನಗಳು ಚಿಕ್ಕವು. ಕೆಲವು ದಿನದ ಮಟ್ಟಿಗೆ ನೋವು ಇಳಿದದ್ದು ಅವುಗಳಲ್ಲಿ ಕಾಣುತ್ತೆ. ಆ ಕೆಲವು ದಿನವೇ ನಿನಗೆ ಸಿಗುವ ಲಾಭ. ಅಷ್ಟರಲ್ಲಿ ನೀನು ನಡೆದಾಡಬೇಕು, ವ್ಯಾಯಾಮ ಶುರುಮಾಡಬೇಕು. ಪಟ್ಟಿ ಹಾಕಿಸಿಕೊಂಡು ಸೋಫಾದಲ್ಲಿ ಕೂತರೆ ದುಡ್ಡು ದಂಡ.

ಹಾಕಿಸಿಕೊಳ್ಳೋ ದಿನ ಮೈಗೆ ಎಣ್ಣೆ ಮುಟ್ಟಿಸಬೇಡ. ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದು ಬಂದರೂ ಆವತ್ತು ಬೇಡ ಅನ್ನು, ಜಿಡ್ಡಿದ್ದರೆ ಅಂಟು ಕೂರೋದಿಲ್ಲ. ಹಿಂದಿನ ದಿನವೇ ಒಂದು ಚಿಕ್ಕ ತುಂಡನ್ನು ಅಂಟಿಸಿ ಇಟ್ಟುಕೊಂಡು, ಕೆಂಪಾಗುತ್ತಾ, ತುರಿಸುತ್ತಾ ನೋಡು. ಈ ತಿಂಗಳಲ್ಲಿ ಚರ್ಮ ಸೂಕ್ಷ್ಮ. ಅಂಟಿಸುವಾಗ ಬೋರಲು ಮಲಗು ಅಂದರೆ ಒಪ್ಪಬೇಡ. ಕುರ್ಚಿಯ ಬೆನ್ನನ್ನೋ ಮೇಜಿನ ಅಂಚನ್ನೋ ಹಿಡಿದು ತುಸು ಮುಂದಕ್ಕೆ ಬಾಗಿ ನಿಂತರೆ ಸಾಕು. ಐದು ಸೆಂಟಿಮೀಟರ್ ಅಗಲದ ಸುರುಳಿಯಿಂದ ಉದ್ದನೆ ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಬೆನ್ನುಮೂಳೆಯ ಆಚೀಚೆ ಕೆಳಗಿನಿಂದ ಮೇಲಕ್ಕೆ ಎರಡು ಪಟ್ಟಿ, ನೋಯುವ ಜಾಗಕ್ಕೆ ಅಡ್ಡ ಒಂದು ಹಾಕುವುದು ರೂಢಿ. ತುದಿಗಳನ್ನು ಎಳೆಯದೆ ಕೂರಿಸಬೇಕು, ನಡುವೆ ಮಾತ್ರ ಹಗುರ ಎಳೆತ. ಬಿಗಿ ಎಳೆದರೆ ಗುಣ ಹೆಚ್ಚೋದಿಲ್ಲ, ತುದಿಯಲ್ಲಿ ಬೊಬ್ಬೆ ಏಳುತ್ತೆ. ಕೊನೆಗೆ ಅಂಗೈಯಿಂದ ಉಜ್ಜುತ್ತಾರೆ, ಬಿಸಿಗೆ ಅಂಟು ಹಿಡಿಯಲಿ ಅಂತ.

ಒಂದು ಗಂಟೆ ಬಿಟ್ಟು ಸ್ನಾನ ಮಾಡಬಹುದು. ಒದ್ದೆಯಾದರೆ ಟವೆಲಿನಿಂದ ಒತ್ತಿ ಒರೆಸು, ತಿಕ್ಕಬೇಡ. ಮೂರರಿಂದ ಐದು ದಿನ ಇದ್ದರೆ ಸಾಕು. ತೆಗೆಯುವಾಗ ಸರ್ರನೆ ಕಿತ್ತರೆ ಚರ್ಮ ಸುಲಿದು ಬರುತ್ತೆ. ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಒಂದು ಕೈಯಲ್ಲಿ ಚರ್ಮ ಒತ್ತಿಹಿಡಿದು, ಕೂದಲು ಬೆಳೆದ ದಿಕ್ಕಿಗೆ ನಿಧಾನವಾಗಿ ಸುರುಳಿ ಬಿಡಿಸು. ಪಟ್ಟಿಯ ಅಡಿ ಉರಿ, ತುರಿಕೆ ಶುರುವಾದರೆ ಆವತ್ತೇ ತೆಗಿ. ಆದರೆ ಅಂಗೈ, ಅಂಗಾಲು ರಾತ್ರಿಹೊತ್ತು ವಿಪರೀತ ತುರಿಸಿದರೆ ಅದಕ್ಕೂ ಪಟ್ಟಿಗೂ ಸಂಬಂಧವಿಲ್ಲ. ಅದು ಪಿತ್ತಜನಕಾಂಗದ ತೊಂದರೆ ಇರಬಹುದು, ಡಾಕ್ಟರಿಗೆ ತಡಮಾಡದೆ ಹೇಳು.

ಮೆಡಿಕಲ್ ಶಾಪಿನವನು ಕೊಟ್ಟ ನೋವಿನ ಮಾತ್ರೆ ನುಂಗಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು 20 ವಾರ ದಾಟಿದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಲ್ಲವು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಹುಟ್ಟುವ ಮೊದಲೇ ಕಿರಿದಾಗುವ ಅಪಾಯವೂ ಇದೆ. ಅದೇ ಔಷಧವಿರುವ ಮುಲಾಮು, ಸ್ಪ್ರೇಗಳನ್ನೂ ಕೇಳದೆ ಹಚ್ಚಬೇಡ.

ದಿನಾ ಎರಡು ಹೊತ್ತು ನಡೆ. ಕೈ, ಮಂಡಿ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆತ್ತಿ ಮತ್ತೆ ಸಮಕ್ಕೆ ತರುವ ವ್ಯಾಯಾಮವನ್ನು ಫಿಸಿಯೋ ಮುಂದೆಯೇ ಕಲಿತು ಮನೆಯಲ್ಲಿ ಮಾಡು. ಮಗ್ಗುಲಾಗಿ ಮಲಗು, ಮಂಡಿಗಳ ನಡುವೆ ದಿಂಬಿರಲಿ. ಏಳುವಾಗ ನೆಟ್ಟಗೆ ಎದ್ದು ಕೂರದೆ, ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳು. ಬಗ್ಗಿ ನೆಲ ಒರೆಸೋದು, ತುಂಬಿದ ಕೊಡ ಎತ್ತೋದು ಮನೆಯ ಗಂಡಸರು ಮಾಡಲಿ; ಅದನ್ನು ಕೇಳೋಕೆ ಸಂಕೋಚ ಬೇಡ.

ಇನ್ನು ಮುಖ್ಯವಾದ ಮಾತು. ನೋವು ಬಂದು, ಹೋಗಿ, ಮತ್ತೆ ಲೆಕ್ಕ ಹಾಕಿದಂತೆ ಬರುತ್ತಿದ್ದರೆ, ಹೊಟ್ಟೆ ಕಲ್ಲಾಗುತ್ತಿದ್ದರೆ, ಅದು ಸೊಂಟನೋವಲ್ಲ. 37 ವಾರಕ್ಕೆ ಮೊದಲೇ ಶುರುವಾದ ಹೆರಿಗೆನೋವಿರಬಹುದು. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ಚಳಿಜ್ವರದ ಜೊತೆ ಉರಿಮೂತ್ರ ಇದ್ದರೆ, ತಲೆ ಸಿಡಿದು ಕಣ್ಣು ಮಂಜಾದರೆ, ತೊಡೆಸಂದು ಜೋಮು ಹಿಡಿದರೆ, ಕಾಲಲ್ಲಿ ಬಲವಿಲ್ಲದಂತಾದರೆ ಬೆಳಗಾಗಲಿ ಅಂತ ಕಾಯಬೇಡ. 108ಕ್ಕೆ ಫೋನ್ ಮಾಡಿಸು, ತಾಯಿ ಕಾರ್ಡ್ ಕೈಗೆ ತಗೊಂಡು ಹೊರಡು. ಅಮ್ಮ ಏನಾದರೂ ಅಂದರೆ ನನಗೆ ಕೊಡು ಫೋನು, ನಾನು ಮಾತಾಡ್ತೇನೆ.