ಮರಳಿ ಕಾರ್ಯಕ್ಷೇತ್ರಕ್ಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಕೆಂಗೇರಿಯಿಂದ ವಿಜಯನಗರದ ಮೂಲಕ ಪೂರ್ವಕ್ಕೆ ಸಾಗುವ ಮೆಟ್ರೋ ರೈಲು ನಗರದ ನಡುವೆ ನೆಲದಡಿಯ ಸುರಂಗವನ್ನು ಹೊಕ್ಕು, ಸೆಂಟ್ರಲ್ ಕಾಲೇಜಿನ ಬಳಿ ಒಂದು ನಿಲ್ದಾಣದಲ್ಲಿ ನಿಲ್ಲುತ್ತದೆ. ಆ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನಿಡಲಾಗಿದೆ. ಅವರು ಪದವೀಧರರಾದುದು ಅದೇ ಸೆಂಟ್ರಲ್ ಕಾಲೇಜಿನಲ್ಲಿ, 1881ರಲ್ಲಿ. ಕನ್ನಂಬಾಡಿಯ ಕಟ್ಟೆಯನ್ನು ನೆನೆದೊಡನೆ ಅವರ ಹೆಸರು ನಮ್ಮ ನಾಲಗೆಯ ಮೇಲೆ ಬರುತ್ತದೆ. ಆದರೆ ಆ ಕಟ್ಟೆ ಆರಂಭವಾಗುವುದಕ್ಕೆ ಕೆಲವೇ ವರ್ಷಗಳ ಮೊದಲು ಅವರು ಕೈಯಲ್ಲಿದ್ದ ಉದ್ಯೋಗವನ್ನು ಬಿಟ್ಟು, ಯಾವ ಹುದ್ದೆಯೂ ಇಲ್ಲದೆ ದೇಶಾಂತರದಲ್ಲಿ ಸಂಚರಿಸುತ್ತಿದ್ದರೆಂಬುದು ಅನೇಕರಿಗೆ ತಿಳಿಯದು.

ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರಿನ ವ್ಯವಸ್ಥೆಯನ್ನು ಕಲ್ಪಿಸಿದರು. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರಿನ ಮಟ್ಟವು ಗೊತ್ತಾದ ಮಿತಿಯನ್ನು ಮೀರಿದಾಗ ಈ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಪ್ರವಾಹವು ಇಳಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆಯ ಎತ್ತರವನ್ನು ಹೆಚ್ಚಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸಲು ಇದರಿಂದ ಸಾಧ್ಯವಾಯಿತು.

ಇಷ್ಟೊಂದು ಹೆಸರು ಗಳಿಸಿದ್ದರೂ ಅವರ ಮುಂದೆ ಒಂದು ಗೋಡೆಯಿತ್ತು. ಆ ಕಾಲದಲ್ಲಿ ಇಲಾಖೆಯ ಅತ್ಯುನ್ನತ ಸ್ಥಾನಗಳು ಆಂಗ್ಲರಿಗೇ ಮೀಸಲಾದಂತಿದ್ದವು. ಭಾರತೀಯನೊಬ್ಬನಿಗೆ ಅವು ದೊರೆಯುವ ಆಸೆ ಇರಲಿಲ್ಲ. ಇದನ್ನರಿತ ವಿಶ್ವೇಶ್ವರಯ್ಯನವರು 1908ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದರು. ಆಗ ಅವರ ವಯಸ್ಸು ನಲವತ್ತೇಳರ ಆಸುಪಾಸಿನಲ್ಲಿತ್ತು. ಭದ್ರವಾದ ಸಂಬಳವನ್ನು ಬಿಟ್ಟರು. ಮುಂದೆ ಯಾರು ಕರೆಯುವರೆಂಬುದು ತಿಳಿದಿರಲಿಲ್ಲ. ಲೋಕದ ಕಣ್ಣಿಗೆ ಅದು ಉದ್ಯೋಗದ ಮುಕ್ತಾಯವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ಅವರು ಆ ಬಿಡುವನ್ನು ವಿಶ್ರಾಂತಿಗಾಗಿ ಬಳಸಲಿಲ್ಲ. ಹತ್ತು ವರ್ಷಗಳ ಹಿಂದೆ, 1898ರಲ್ಲಿ, ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ ಮತ್ತು ಶಿಕ್ಷಣಗಳನ್ನು ಕಣ್ಣಾರೆ ಕಂಡು ಬಂದಿದ್ದರು. ಈಗ ಯೂರೋಪು, ಅಮೆರಿಕಗಳ ಪ್ರವಾಸವನ್ನು ಕೈಗೊಂಡರು. ಅಲ್ಲಿ ಅವರು ಎಂಜಿನಿಯರಿಂಗ್ ಕಾಮಗಾರಿಗಳನ್ನು ಜಿಜ್ಞಾಸುವಿನಂತೆ ಪರಿಶೀಲಿಸಿದರು. ಹುದ್ದೆಯಿರಲಿಲ್ಲ, ಅಧ್ಯಯನವು ನಿಂತಿರಲಿಲ್ಲ.

ಇದೇ ಹೊತ್ತಿನಲ್ಲಿ, 1908ರ ಸೆಪ್ಟೆಂಬರ್ 28ರಂದು, ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿ ಉಕ್ಕಿ ಬಂದಿತು. ಸಾವಿರಾರು ಜನರು ಪ್ರಾಣ ಕಳೆದುಕೊಂಡರು, ಬೀದಿಬೀದಿಗಳೇ ಕೊಚ್ಚಿಹೋದವು. ನಗರವನ್ನು ಮರಳಿ ಕಟ್ಟಬೇಕಾಗಿತ್ತು. ಇಂತಹ ವಿಪತ್ತು ಮರುಕಳಿಸದಂತೆಯೂ ನೋಡಿಕೊಳ್ಳಬೇಕಾಗಿತ್ತು. ಇಟಲಿಯಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ತಂತಿಯ ಮೂಲಕ ಕರೆ ಬಂದಿತು. ಅವರು ಆತುರಪಡಲಿಲ್ಲ. ಕೈಗೊಂಡ ಪ್ರವಾಸವನ್ನು ಮುಗಿಸಿಕೊಂಡು 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು.

ಅಲ್ಲಿ ಅವರು ಮೊದಲು ಮಳೆಯ ಲೆಕ್ಕವನ್ನೂ ನದಿಯ ನಡೆಯನ್ನೂ ಪರಿಶೀಲಿಸಿದರು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ, ನುಗ್ಗಿ ಬರುವ ನೀರನ್ನು ತಡೆದು ನಿಲ್ಲಿಸಿ, ನದಿಯು ತಾಳಬಲ್ಲಷ್ಟನ್ನೇ ಮೆಲ್ಲನೆ ಹೊರಬಿಡಬೇಕೆಂದು ಸೂಚಿಸಿದರು. ಈ ಸಲಹೆಯ ಫಲವಾಗಿ ಮೂಸಿ ನದಿಗೆ ಉಸ್ಮಾನ್ ಸಾಗರವೂ ಅದರ ಉಪನದಿಯಾದ ಈಸಿಗೆ ಹಿಮಾಯತ್ ಸಾಗರವೂ ನಿರ್ಮಾಣವಾದವು. ಮೊದಲನೆಯದು 1920ರಲ್ಲಿಯೂ ಎರಡನೆಯದು 1927ರಲ್ಲಿಯೂ ಪೂರ್ಣಗೊಂಡವು. ಪ್ರಳಯವನ್ನು ತಂದ ನೀರೇ ನಗರದ ಜನರಿಗೆ ಕುಡಿಯುವ ನೀರಾಯಿತು.

ಹೈದರಾಬಾದಿನಲ್ಲಿರುವಾಗಲೇ ತಾಯ್ನಾಡಿನ ಕರೆಯೂ ಬಂದಿತು. ಮೈಸೂರಿನ ದಿವಾನರಾಗಿದ್ದ ಟಿ. ಆನಂದರಾಯರು ಮುಖ್ಯ ಎಂಜಿನಿಯರ್ ಸ್ಥಾನವನ್ನು ವಹಿಸಿಕೊಳ್ಳುವಂತೆ ಅವರನ್ನು ಕೋರಿದರು. ಮುಂಬಯಿಯಲ್ಲಿ ಯಾವ ಮಟ್ಟದ ಸ್ಥಾನವು ಕೈಗೆ ಎಟುಕದೆಂದು ತೋರಿತ್ತೋ ಅದೇ ಮಟ್ಟದ ಸ್ಥಾನವು ಈಗ ತಾನಾಗಿ ಬಂದಿತ್ತು. ಆದರೂ ವಿಶ್ವೇಶ್ವರಯ್ಯನವರು ಒಡನೆಯೇ ಒಪ್ಪಲಿಲ್ಲ. ಕೇವಲ ಪದವಿಯ ಆಸೆ ತಮಗಿಲ್ಲವೆಂದೂ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಗಳ ಬೆಳವಣಿಗೆಗೆ ಸರ್ಕಾರವು ಅವಕಾಶ ನೀಡುವುದೇ ಎಂಬುದನ್ನು ಮೊದಲು ಅರಿಯಬೇಕೆಂದೂ ತಿಳಿಸಿದರು. ಭರವಸೆ ದೊರೆತ ಮೇಲೆ 1909ರ ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು.

ಮುಂದಿನದು ನಾಡು ಬಲ್ಲ ಕಥೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಖಡಕ್‌ವಾಸ್ಲಾದಲ್ಲಿ ಪರೀಕ್ಷೆಗೊಂಡಿದ್ದ ಸ್ವಯಂಚಾಲಿತ ಬಾಗಿಲುಗಳನ್ನು ಇಲ್ಲಿಯೂ ಬಳಸಲಾಯಿತು. 1912ರಲ್ಲಿ ಅವರು ದಿವಾನರಾದರು. ತಾಂತ್ರಿಕ ಶಿಕ್ಷಣದ ಬಗ್ಗೆ ಅವರು ಹೊತ್ತಿದ್ದ ಹಂಬಲವು 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ರೂಪದಲ್ಲಿ ಫಲಿಸಿತು. ಕೆಲವು ವರ್ಷಗಳಲ್ಲಿ ದಿವಾನಗಿರಿಯನ್ನೂ ಬಿಟ್ಟು ಮತ್ತೆ ವಿದೇಶಗಳನ್ನು ಸುತ್ತಿ ಬಂದರು. ಆ ಬಿಡುವಿನ ನಂತರವೂ ಕೆಲಸವು ಕಾದಿತ್ತು: 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿ ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಅವರು ಹೊತ್ತರು. ಆಗ ಅವರು ಅರವತ್ತು ದಾಟಿದ್ದರು.

ಇಂದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಅದೆಷ್ಟೋ ಮನೆಗಳಲ್ಲಿ ಎಂಜಿನಿಯರಿಂಗ್ ಓದಿದ ಹೆಣ್ಣುಮಕ್ಕಳಿದ್ದಾರೆ. ಪತಿಗೆ ವರ್ಗವಾದುದರಿಂದಲೋ, ಮಕ್ಕಳ ಪಾಲನೆ ಅಥವಾ ಹಿರಿಯರ ಶುಶ್ರೂಷೆಗಾಗಿಯೋ ಉದ್ಯೋಗವನ್ನು ಬಿಟ್ಟು, ಕೆಲವು ವರ್ಷಗಳ ಬಳಿಕ ಹೊಸ ಊರಿನಲ್ಲಿ ಮರಳಿ ಕೆಲಸವನ್ನು ಅರಸುವವರು ಅವರಲ್ಲಿ ಹಲವರು. ಅವರ ಬಿಡುವು ವಿಶ್ವೇಶ್ವರಯ್ಯನವರ ಬಿಡುವಿನಂತಹುದಲ್ಲ. ಅವರಿಗೆ ದೇಶ ಸುತ್ತುವ ಅನುಕೂಲವಿಲ್ಲ. ತಂತಿ ಕಳುಹಿಸಿ ಕರೆಯುವ ಸರ್ಕಾರವಿಲ್ಲ. ನಡುವೆ ಖಾಲಿ ಬಿದ್ದ ವರ್ಷಗಳನ್ನು ಕುರಿತು ಕೇಳುವ ಪ್ರಶ್ನೆಗೇ ಅವರು ಮೊದಲು ಉತ್ತರ ಹೇಳಬೇಕಾಗುತ್ತದೆ. ಓದಿದುದೆಲ್ಲ ಮರೆತುಹೋಗಿರಬಹುದೆಂಬ ಶಂಕೆ ಕೇಳುವವರಲ್ಲಿ ಮಾತ್ರವಲ್ಲ, ಕೆಲವೊಮ್ಮೆ ಅವರ ಮನಸ್ಸಿನಲ್ಲಿಯೂ ಇರುತ್ತದೆ.

ಆದರೂ ಅವರಿಗೆ ಅನ್ವಯಿಸುವ ಪಾಠವೊಂದು ಈ ಚರಿತ್ರೆಯಲ್ಲಿದೆ. ಹುದ್ದೆಯನ್ನು ಬಿಟ್ಟ ಮಾತ್ರಕ್ಕೆ ವಿದ್ಯೆಯು ಬಿಟ್ಟುಹೋಗುವುದಿಲ್ಲ. ಪುಣೆಯಲ್ಲಿ ಗಳಿಸಿದ ಅನುಭವವೇ ಕನ್ನಂಬಾಡಿಯಲ್ಲಿ ಕೆಲಸಕ್ಕೆ ಬಂದಿತು. ಆದರೆ ವಿದ್ಯೆಯನ್ನು ಹರಿತವಾಗಿ ಇಟ್ಟುಕೊಳ್ಳಬೇಕು. ಯಂತ್ರಗಳೂ ವಿಧಾನಗಳೂ ಬೇಗಬೇಗನೆ ಬದಲಾಗುವ ಈ ಕಾಲದಲ್ಲಿ, ದಿನಕ್ಕೆ ಒಂದು ಗಂಟೆಯ ಓದಾದರೂ ಮರಳಿ ಬರುವ ದಾರಿಯನ್ನು ತೆರೆದಿಡುತ್ತದೆ.

ಕಲಿತವರ ಪ್ರಯತ್ನವೊಂದೇ ಸಾಲದು, ಕರೆಯುವವರೂ ಇರಬೇಕು. ಹೈದರಾಬಾದು, ಮೈಸೂರುಗಳು ಕರೆಯದೆ ಇದ್ದಿದ್ದರೆ ವಿಶ್ವೇಶ್ವರಯ್ಯನವರ ಪ್ರತಿಭೆಯು ನಾಡಿಗೆ ಇಷ್ಟು ಒದಗುತ್ತಿರಲಿಲ್ಲ. ಈ ಸತ್ಯವನ್ನು ನಮ್ಮ ಕಾಲವೂ ನಿಧಾನವಾಗಿ ಗುರುತಿಸುತ್ತಿದೆ. ಉದ್ಯೋಗದಲ್ಲಿ ಬಿಡುವು ಬಿದ್ದ ಮಹಿಳೆಯರು ಸಂಶೋಧನೆಗೆ ಮರಳಲೆಂದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002-03ರಲ್ಲಿ ಮಹಿಳಾ ವಿಜ್ಞಾನಿಗಳ ಯೋಜನೆಯನ್ನು ಜಾರಿಗೆ ತಂದಿತು. ಕೆಲವು ಉದ್ಯಮಗಳೂ ಇಂತಹವರಿಗೆ ತರಬೇತಿಯನ್ನಿತ್ತು ಕೆಲಸಕ್ಕೆ ತೆಗೆದುಕೊಳ್ಳುತ್ತಿವೆ.

ಒಬ್ಬ ಎಂಜಿನಿಯರನ್ನು ರೂಪಿಸಲು ಮನೆಯೂ ಶಾಲೆಯೂ ಸಮಾಜವೂ ಹಲವು ವರ್ಷ ಶ್ರಮಿಸುತ್ತವೆ. ನಡುವೆ ಬಂದ ಬಿಡುವಿನ ನೆಪದಿಂದ ಆ ಶ್ರಮವನ್ನು ವ್ಯರ್ಥಗೊಳಿಸುವುದು ನಾಡಿಗೇ ನಷ್ಟ. ಮರಳಿ ಬರುವವರು ಸಿದ್ಧರಾಗಿ ಬರಬೇಕು. ಕೆಲಸ ಕೊಡುವವರು ಬಾಗಿಲು ತೆರೆದಿರಬೇಕು. ಈ ಎರಡೂ ಕೂಡಿ ಬಂದಾಗ ಏನು ಸಾಧ್ಯವಾಗುವುದೆಂಬುದನ್ನು ಮಂಡ್ಯದ ಹಸುರು ಬಯಲುಗಳಿಗೆ ಇಂದಿಗೂ ಹರಿಯುತ್ತಿರುವ ಕಾವೇರಿಯ ನೀರು ಹೇಳುತ್ತಿದೆ.